ಜರೀಗಿಡದ ತಾಯಿ

ಆ ಬೋರ್ಡಿಗೆ ಮೊಳೆ ಹೊಡೆದವನು ನಾನೇ. ಹಿಂದೆ ನಿಂತು "ಎಡಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದವರು ನಮ್ಮ ಝೂನ ಸೂಪರಿಂಟೆಂಡೆಂಟ್ ಸಾಹೇಬರು. ಎಡಭಾಗದಲ್ಲಿ ಜರೀಗಿಡದ ಚಿತ್ರ, ಬಲಭಾಗದಲ್ಲಿ ಒರಾಂಗುಟಾನ್ ಚಿತ್ರ, ನಡುವೆ ಒಂದು ಗೆರೆ. ಇದು ಬೀಜವಿಲ್ಲದ ಗಿಡ, ಅದು ಬಾಲವಿಲ್ಲದ ವಾನರ. ಇದರ ಬೊಡ್ಡೆಯ ಮೇಲೆ ಹೊಂಬಣ್ಣದ ಕೂದಲು, ಅದರ ಮೈಮೇಲೆ ಕೆಂಚು ಕೂದಲು. ಇದರ ಎಳೆಕುಡಿ ಮುಷ್ಟಿಯಂತೆ ಸುರುಳಿ ಸುತ್ತಿರುತ್ತದೆ, ಅದು ಮುಷ್ಟಿಯನ್ನೇ ನೆಲಕ್ಕೂರಿ ನಡೆಯುತ್ತದೆ. ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ: 'ಇವೆರಡರ ಅಪರೂಪದ ಗೆಳೆತನವನ್ನು ಕಂಡು ಆನಂದಿಸಿ.'

ಗೆಳೆತನವಂತೆ. ಸುತ್ತಿಗೆಯನ್ನು ಆ ಗೆರೆಯ ಮೇಲೇ ಬೀಸಬೇಕೆನ್ನಿಸಿತು.

"ಅಕ್ಷರ ತಪ್ಪಿಲ್ಲ ತಾನೇ?" ಎಂದರು ಸಾಹೇಬರು.

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟೋನು ಸಾರ್ ನಾನು. ನನ್ನ ಕೇಳ್ತೀರಾ?"

"ನಿನ್ನನ್ನಲ್ಲಯ್ಯ, ಡಾಕ್ಟರನ್ನ."

ಪ್ರಾಣಿ ಡಾಕ್ಟರು ಮೊಬೈಲಿನಿಂದ ತಲೆ ಎತ್ತದೆ "ಚೆನ್ನಾಗಿದೆ ಚೆನ್ನಾಗಿದೆ" ಎಂದರು. ಜಾಲರಿಯ ಆಚೆ ಅತ್ತೆ, ಅಂದರೆ ಚಿತ್ರದಲ್ಲಿದ್ದ ಒರಾಂಗುಟಾನ್, ಕೂತಿದ್ದಳು. ಜರೀಗಿಡದ ಕೂದಲಿನ ಬೊಡ್ಡೆಯನ್ನು ಎದೆಗವುಚಿಕೊಂಡು, ಒಂದೊಂದು ಏಟಿಗೂ ಅದರ ಮೇಲೆ ಅಂಗೈ ಮುಚ್ಚುತ್ತಿದ್ದಳು. ಸದ್ದಿಗೆ ಮಗು ಬೆಚ್ಚಬಾರದೆಂದು ನಾವು ಕಿವಿ ಮುಚ್ಚುವುದಿಲ್ಲವೇ, ಹಾಗೆ.

ಅತ್ತೆ ಎಂದು ಹೆಸರಿಟ್ಟವಳು ಅಕ್ಕ. ವಾನರಗಳ ಮನೆಯ ಪಾಲಕಿ ಅವಳು. ಬೋನು ತೊಳೆಯುವಾಗ ಮೂಲೆಯಲ್ಲಿ ಕೂತು, ತುಟಿ ಮುಂದೆ ಮಾಡಿ, ಕಸ ಎಲ್ಲಿ ಉಳಿಯಿತೆಂದು ಬೆರಳು ಮಾಡಿ ತೋರಿಸುವ ಒರಾಂಗುಟಾನಿಗೆ ಬೇರೆ ಇನ್ನೇನೆಂದು ಕರೆಯುವುದು? "ಊರಲ್ಲಿರೋ ಅತ್ತೆಯಾದ್ರೂ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ತಾಳೆ, ಇವಳಿಗೆ ಅದೂ ಇಲ್ಲ" ಎನ್ನುತ್ತಿದ್ದಳು. ಭಾವ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವವನು, ವರ್ಷದ ಬಹುಪಾಲು ನೀರಿನ ಮೇಲೆ. ಅಮ್ಮ ಎಂದೋ ಹೋದಳು. ಅಕ್ಕ ಮತ್ತು ನಾನು ಕಾಂಪೌಂಡಿನ ಹಿಂದಿನ ಕ್ವಾರ್ಟರ್ಸಿನಲ್ಲಿದ್ದೆವು. ಅವಳದು ಪ್ರಾಣಿಗಳ ಹೊಟ್ಟೆ ನೋಡಿಕೊಳ್ಳುವ ಕೆಲಸ; ಆ ಹೊಟ್ಟೆಯಿಂದ ಬಿದ್ದದ್ದನ್ನು ಚರಂಡಿಗೆ ತಳ್ಳುವುದು ನನ್ನದು.

ವಾನರಗಳ ಮನೆಗೆ ಒಂದು ಪದ್ಧತಿಯಿತ್ತು. ಅತ್ತೆಯ ಕೈಯಿಂದ ಏನನ್ನೂ ಕಿತ್ತುಕೊಳ್ಳುವಂತಿಲ್ಲ. ಕೊಟ್ಟು ತೆಗೆದುಕೊಳ್ಳಬೇಕು. ಜಾಲರಿಯ ಕೆಳಗೆ, ಮೇಜಿನ ಡ್ರಾಯರಿನಂಥ ಒಂದು ಕಬ್ಬಿಣದ ಖಾನೆ. ನಾವು ತಳ್ಳಿದರೆ ಅವಳ ಕಡೆ ಹೋಗುತ್ತದೆ, ಅವಳು ತಳ್ಳಿದರೆ ನಮ್ಮ ಕಡೆ ಬರುತ್ತದೆ. ಹೊರಗಿನ ಅಂಗಳಕ್ಕೆ ಜನರ ಟೋಪಿಯೋ ಮಕ್ಕಳ ಚಪ್ಪಲಿಯೋ ಬಿದ್ದರೆ ನಾವು ಹಣ್ಣು ಇಡಬೇಕು, ಅವಳು ಬಿದ್ದ ವಸ್ತು ಇಡುತ್ತಿದ್ದಳು. ಯಾರದೋ ಕನ್ನಡಕವನ್ನು ಮುರಿದು ಒಂದೊಂದು ತುಂಡಿಗೂ ಬೇರೆ ಬೇರೆ ಹಣ್ಣು ಕೇಳಿದ ಘಾಟಿ. ಕೊಳೆತ ಹಣ್ಣು ಕೊಟ್ಟರೆ ಅದನ್ನೇ ಖಾನೆಯಲ್ಲಿಟ್ಟು ವಾಪಸು ತಳ್ಳಿ, ತಾನು ಕೊಟ್ಟದ್ದರ ಕಡೆ ಬೆರಳು ತೋರಿಸುತ್ತಿದ್ದಳು. ನಿಮ್ಮ ಮಾಲು ನಿಮಗೆ, ನನ್ನದು ನನಗೆ. ವಿಚಿತ್ರವೆಂದರೆ, ನಾವು ಮರೆತು ಹೆಚ್ಚು ಕೊಟ್ಟರೆ ಹೆಚ್ಚಿನದನ್ನೂ ವಾಪಸು ತಳ್ಳುತ್ತಿದ್ದಳು. "ನೋಡು, ಚಿಲ್ಲರೆ ಕೊಟ್ಳು" ಎಂದು ಅಕ್ಕ ನಗುತ್ತಿದ್ದಳು. "ಚೌಕಾಸಿ ಬೇಕಾದ್ರೆ ಮಾಡು ಕಣೋ, ಮೋಸ ಮಾತ್ರ ಮಾಡ್ಬೇಡ. ಒಂದು ಸಲ ಮಾಡಿದ್ರೆ ಮುಗೀತು, ಸಾಯೋವರೆಗೂ ಅವಳು ಈ ಖಾನೆ ಮುಟ್ಟಲ್ಲ."

ಮೋಸ ಮಾಡಿದವಳು ಅಕ್ಕನೇ. ಅದು ಮೋಸವೆಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ.

ಅತ್ತೆಗೆ ಒಂದು ಮರಿಯಾಗಿತ್ತು. ಹಾಲು ಹಿಡಿಯಲಿಲ್ಲ, ಸತ್ತಿತು. ಅವಳು ಅದನ್ನು ಕೆಳಗಿಡಲಿಲ್ಲ. ಕುತ್ತಿಗೆಗೆ ಜೋತು ಹಾಕಿಕೊಂಡು ಓಡಾಡಿದಳು, ನೊಣ ಓಡಿಸಿದಳು, ಬೆರಳಿನಿಂದ ಅದರ ರೆಪ್ಪೆ ಎತ್ತಿ ಎತ್ತಿ ನೋಡಿದಳು. ವಾಸನೆ ಗೇಟಿನವರೆಗೂ ಹೋಯಿತು. ಡಾಕ್ಟರು ಮತ್ತಿನ ಸೂಜಿ ಹೊಡೆದು ಕಿತ್ತುಕೊಳ್ಳೋಣ ಎಂದರು. ಆಗ ತುಂಬು ಬಸುರಿಯಾಗಿದ್ದ ಅಕ್ಕ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಕಿತ್ಕೊಳ್ಳೋ ಮಾತಾಡಿದ್ರೆ ಬೀಗದ ಕೈ ಬಾವಿಗೆ ಎಸೀತೀನಿ ಡಾಕ್ಟ್ರೇ. ಕೊಟ್ಟು ತಗೊಳ್ತೀನಿ, ಬಿಡಿ."

"ಸತ್ತ ಮರಿಗೆ ಏನಮ್ಮ ಕೊಡ್ತೀಯ? ಬಾಳೆಹಣ್ಣಾ?"

ಅಕ್ಕ ತೊಗಲಜ್ಜನ ಶೆಡ್ಡಿಗೆ ಹೋದಳು. ಸತ್ತ ಪ್ರಾಣಿಗಳ ತೊಗಲಿಗೆ ತುಂಬಿ ಹೊಲಿದು, ಬದುಕಿದ್ದಂತೆ ನಿಲ್ಲಿಸಿ, ಪ್ರದರ್ಶನ ಕೋಣೆಗೆ ಕಳಿಸುವವನು ತೊಗಲಜ್ಜ. ಪಕ್ಕದ ಗಾಜುಮನೆಯವರು ಕಿತ್ತೆಸೆದ ಜರೀಗಿಡದ ಬೊಡ್ಡೆಗಳನ್ನು ಅವನು ರಾಶಿ ಹಾಕಿಕೊಂಡಿರುತ್ತಿದ್ದ. ಅವುಗಳ ಮೈಮೇಲೆ ರೇಶಿಮೆಯಂಥ ಹೊಂಬಣ್ಣದ ಕೂದಲು. ಅದನ್ನು ತರಿದು ತೊಗಲಿನೊಳಗೆ ತುಂಬುವುದು ಅವನ ರೂಢಿ. ಆ ರಾಶಿಯಿಂದ ಅಕ್ಕ ಒಂದು ಬೊಡ್ಡೆ ಆರಿಸಿದಳು. ಮರಿಯಷ್ಟೇ ಗಾತ್ರ. ಎಲೆ ಕತ್ತರಿಸಿದ ನಾಲ್ಕು ತೊಟ್ಟುಗಳು ಕೈಕಾಲುಗಳಂತೆ ಚಾಚಿದ್ದವು.

"ಸತ್ತದ್ದು ತಾನೇ ಅಜ್ಜಾ?"

"ಕೊರಡು ಕಣಮ್ಮ. ಒಲೆಗೆ ಹಾಕ್ಬಹುದು."

ನಾನು ನೋಡುತ್ತಾ ನಿಂತಿದ್ದೆ. ಅಕ್ಕ ಬೊಡ್ಡೆಯನ್ನು ಖಾನೆಯಲ್ಲಿಟ್ಟು ತಳ್ಳಿದಳು. ಅತ್ತೆ ಮೂಸಿದಳು. ಕೂದಲನ್ನು ಬೈತಲೆ ತೆಗೆಯುವಂತೆ ಬಿಡಿಸಿ ಒಳಗೆ ನೋಡಿದಳು. ಎಷ್ಟೋ ಹೊತ್ತು ಒಂದು ತೋಳಿನಲ್ಲಿ ಅದು, ಇನ್ನೊಂದು ತೋಳಿನಲ್ಲಿ ಇದು. ಕೊನೆಗೆ ಮರಿಯನ್ನು ಖಾನೆಯಲ್ಲಿ ಮಲಗಿಸಿ, ಕಾಲನ್ನು ಒಳಗೆ ಮಡಿಸಿ, ತನ್ನ ಕೈಯಾರೆ ನಮ್ಮ ಕಡೆ ತಳ್ಳಿದಳು. ಅಕ್ಕ ಅದನ್ನು ತನ್ನ ದುಪ್ಪಟ್ಟದಲ್ಲಿ ಸುತ್ತಿ, ದುಂಡು ಹೊಟ್ಟೆಯ ಮೇಲಿಟ್ಟುಕೊಂಡು, ತಿರುಗಿ ನೋಡದೆ ಹೊರಗೆ ನಡೆದಳು. ಅತ್ತೆ ಬಾಗಿಲು ಮುಚ್ಚುವವರೆಗೂ ನೋಡುತ್ತಿದ್ದಳು. ಅವಳು ಕಂಡದ್ದು ಅಷ್ಟೇ: ಈ ಹೆಂಗಸು ನನ್ನ ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಹೋದಳು.

ಮರಿಯ ತೊಗಲು ತೊಗಲಜ್ಜನಿಗೆ ಹೋಯಿತು. ಅಕ್ಕ ಹೆರಿಗೆಗೆ ರಜೆ ಹಾಕಿದಳು.

ಕೊರಡು ಚಿಗುರಿತು. ಅತ್ತೆ ತೊಟ್ಟಿಯಿಂದ ಬಾಯಿತುಂಬ ನೀರು ತಂದು, ತುಟಿಯ ತುದಿಯಿಂದ ಹನಿಹನಿಯಾಗಿ ಅದಕ್ಕೆ ಕುಡಿಸುತ್ತಿದ್ದಳು. ಹಗಲೆಲ್ಲ ಕಂಕುಳಲ್ಲಿ, ರಾತ್ರಿ ಎದೆಯ ಮೇಲೆ. ಒಂದು ಬೆಳಿಗ್ಗೆ ಪೈಪು ಎಳೆದುಕೊಂಡು ಹೋದರೆ, ಒಂದು ತೊಟ್ಟಿನ ಪಕ್ಕದಿಂದ ಏನೋ ಹೊರಬಂದಿತ್ತು. ಕಂದು ಕೂದಲು ಮುಚ್ಚಿದ, ಬಿಗಿಯಾಗಿ ಮಡಚಿದ ಸಣ್ಣ ಮುಷ್ಟಿ. ನನ್ನ ಕೈಯಿಂದ ಪೈಪು ಜಾರಿ ನೀರೆಲ್ಲ ನನ್ನ ಪ್ಯಾಂಟಿಗೇ ಬಿತ್ತು. ಜರೀಗಿಡದ ಕುಡಿ ಎಂದು ಗೊತ್ತಿದ್ದೂ ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ತನ್ನ ಕಿರುಬೆರಳನ್ನು ಆ ಸುರುಳಿಯೊಳಗೆ ತೂರಿಸಿದ್ದಳು, ಹಿಡಿದುಕೋ ಎನ್ನುವಂತೆ.

ಕುಡಿ ಬಿಚ್ಚಿಕೊಂಡದ್ದು ಮೇಲಕ್ಕೆ, ಚಾವಣಿಯ ಗಾಜಿನ ಕಡೆಗೆ. ಬೆಳಕು ಕಂಡ ಗಿಡ ಇನ್ನೆಲ್ಲಿಗೆ ಹೋದೀತು? ಜನ ಮುಗಿಬಿದ್ದರು. 'ಗಿಡ ಹೆತ್ತ ಕೋತಿ' ಎಂದು ಯಾರೋ ಕೂಗಿದ. ಸಾಹೇಬರಿಗೆ ಬೋರ್ಡಿನ ಆಲೋಚನೆ ಬಂದದ್ದು ಆಗ.

ಅಕ್ಕ ಕೆಲಸಕ್ಕೆ ಮರಳಿದ್ದು ಬೋರ್ಡು ಹೊಡೆದ ಮಾರನೆಯ ದಿನ. ಎದೆಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಪುಟ್ಟಿ. ಮಗು ತರಬೇಡ ಎನ್ನಲು ಸಾಹೇಬರಿಗೂ ಬಾಯಿರಲಿಲ್ಲ. ಅಕ್ಕನಿಲ್ಲದೆ ಅತ್ತೆ ಸರಿಯಾಗಿ ತಿನ್ನುತ್ತಿರಲಿಲ್ಲ.

"ಅತ್ತೇ, ಯಾರು ಬಂದ್ರು ನೋಡಿ" ಎಂದು ಅಕ್ಕ ಜೋಲಿಯ ಅಂಚು ಸರಿಸಿದಳು.

ಅತ್ತೆ ಜಾಲರಿಗೆ ಮುಖವೊತ್ತಿ ಪುಟ್ಟಿಯನ್ನು ನೋಡಿದಳು. ಅಕ್ಕನ ಚಪ್ಪಟೆಯಾದ ಹೊಟ್ಟೆಯನ್ನು ನೋಡಿದಳು. ಮತ್ತೆ ಪುಟ್ಟಿಯನ್ನು. ಆಮೇಲೆ ಮೂಲೆಗೆ ಹೋಗಿ, ಬೊಡ್ಡೆಯನ್ನು ತಂದು, ಖಾನೆಯಲ್ಲಿ ಮಲಗಿಸಿ, ಎಲೆಯನ್ನು ಒಳಗೆ ಮಡಿಸಿ ನಮ್ಮ ಕಡೆ ತಳ್ಳಿದಳು. ಜೋಲಿಯ ಕಡೆ ಬೆರಳು ತೋರಿಸಿದಳು.

ನಿಮ್ಮ ಮಾಲು ನಿಮಗೆ. ನನ್ನದು ನನಗೆ.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ. ನಾವು ಬೊಡ್ಡೆಯನ್ನು ವಾಪಸು ತಳ್ಳುವುದು, ಅವಳು ಮತ್ತೆ ನಮ್ಮ ಕಡೆ ತಳ್ಳುವುದು. ಹಣ್ಣು, ಮೊಟ್ಟೆ, ಜೇನು ಸವರಿದ ರೊಟ್ಟಿ, ಯಾವುದನ್ನೂ ಮುಟ್ಟಲಿಲ್ಲ. ನೀರು ಕುಡಿಸುವವರಿಲ್ಲದೆ ಗಿಡದ ಎಲೆ ಅಂಚಿನಿಂದ ಒಣಗತೊಡಗಿತು. ಅತ್ತೆ ಅರಚಲಿಲ್ಲ, ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆದರಿಕೆ. ಅಂಗಡಿಯಲ್ಲಿ ತನ್ನ ಸರದಿ ಬರುತ್ತದೆಂದು ಖಾತ್ರಿಯಿರುವವರಂತೆ ಅಂಗೈ ಚಾಚಿಕೊಂಡು ಕೂತಿರುತ್ತಿದ್ದಳು. ಒಂದು ಸಲ ಅಕ್ಕ ಬಗ್ಗಿದಾಗ ಜಾಲರಿಯೊಳಗಿಂದ ಉದ್ದನೆಯ ಎರಡು ಬೆರಳು ಬಂದು ಜೋಲಿಯ ಗಂಟನ್ನು ಹಿಡಿದವು. ಎಳೆಯಲಿಲ್ಲ. ಗಂಟು ಹೇಗೆ ಬಿಚ್ಚುವುದೆಂದು ತಡವಿ ನೋಡಿದವು.

ಅಂದು ಮನೆಯಲ್ಲಿ ಜಗಳವಾಯಿತು.

"ನಾಳೆಯಿಂದ ಪುಟ್ಟಿನ ಅಲ್ಲಿಗೆ ತರಬೇಡ."

"ಎಲ್ಲಿ ಬಿಡ್ಲಿ? ನಿನ್ನ ಚರಂಡೀಲಾ?"

"ಅವಳ ನೋಟ ಸರಿಯಿಲ್ಲ ಅಕ್ಕಾ."

"ಅವಳದ್ರಲ್ಲಿ ಏನು ತಪ್ಪಿದೆ ಹೇಳು." ಅಕ್ಕ ಪುಟ್ಟಿಯ ಬಟ್ಟೆ ಮಡಿಸುತ್ತಿದ್ದಳು, ತಲೆಯೆತ್ತಲಿಲ್ಲ. "ಕೊಟ್ಟಳು, ತಗೊಂಡ್ವಿ. ನಾನು ಕೊಟ್ಟಿದ್ದು ಅವಳಿಗೆ ಬೇಡ ಅನ್ಸಿದೆ. ವಾಪಸ್ ಕೇಳ್ತಿದಾಳೆ. ಪದ್ಧತಿ ಮಾಡಿದ್ದು ಅವಳಾ, ನಾವಾ?"

"ಪುಟ್ಟಿ ಅವಳ ಮರಿಯೇನೇ? ತಲೆ ನೆಟ್ಟಗಿದೆಯಾ ನಿಂಗೆ?"

ಅಕ್ಕ ಬಟ್ಟೆಯನ್ನು ಮಡಿಲಲ್ಲಿಟ್ಟು ಹೇಳಿದಳು: "ಪುಟ್ಟಿ ಹಾಲು ಕುಡಿಯುವಾಗ ಕೈ ಹಿಡೀತದಲ್ಲ, ಹೀಗೆ, ಮಡಚಿ... ಆ ಮರಿನೂ ಹಾಗೇ ಹಿಡೀತಿತ್ತು ಕಣೋ."

ಅಂದಿನಿಂದ ಅವಳು ನಿದ್ದೆ ಮಾಡಿದ್ದನ್ನು ನಾನು ಕಾಣೆ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಸಾಹೇಬರ ಬಳಿ ಹೋಗಿ, ಬೊಡ್ಡೆಯನ್ನು ಅಲ್ಲಿಂದ ತೆಗೆಸಿ, ಅಕ್ಕನನ್ನು ಬೇರೆ ವಿಭಾಗಕ್ಕೆ ಹಾಕಿ ಎಂದು ಬೇಡಿದೆ. ಅವರು ಕಿಟಕಿಯಿಂದ ಜನರ ಸಾಲು ನೋಡುತ್ತಾ, "ಏನಯ್ಯ, ಊರೆಲ್ಲ ಅವರಿಬ್ಬರನ್ನ ನೋಡೋಕೆ ಬರ್ತಿದೆ. ಈಗ ಮಗು ಬೇರೆ. ಎಷ್ಟು ಚಂದದ ದೃಶ್ಯ!" ಎಂದರು. ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎತ್ತಿ ಅವರ ಚಂದದ ಕಿಟಕಿಗೆ ಎಸೆಯದೆ ಹೊರಬಂದದ್ದು ಅಕ್ಕನ ಕೆಲಸದ ಮುಖ ನೋಡಿ.

ವಾರದ ರಜೆಯ ದಿನ ಝೂನಲ್ಲಿ ಜನರಿರುವುದಿಲ್ಲ. ಮಟಮಟ ಮಧ್ಯಾಹ್ನ. ಹೊರಗಿನ ಚರಂಡಿ ತೆಗೆದು, ಕೈ ತೊಳೆಯಲು ಒಳಗೆ ಬಂದೆ. ಪುಟ್ಟಿಯ ಸದ್ದಿಲ್ಲ, ಅಕ್ಕನ ಸದ್ದಿಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ.

ಅಕ್ಕ ಜಾಲರಿಯ ಮುಂದೆ ಮಂಡಿಯೂರಿ ಕೂತಿದ್ದಳು. ಖಾನೆ ನಮ್ಮ ಕಡೆ ಪೂರ್ತಿ ತೆರೆದಿತ್ತು. ಬೊಡ್ಡೆ ನೆಲದ ಮೇಲಿತ್ತು. ಖಾನೆಯೊಳಗೆ, ನಾಲ್ಕು ಮೂಲೆ ಸರಿಮಾಡಿ, ಪುಟ್ಟಿಯ ಹಳದಿ ಹೊದಿಕೆಯನ್ನು ಹಾಸಲಾಗಿತ್ತು. ಅಕ್ಕನ ಬೆರಳು ಜೋಲಿಯ ಗಂಟಿನಲ್ಲಿದ್ದವು, ಗಂಟು ಅರ್ಧ ಬಿಚ್ಚಿತ್ತು. ಆಚೆ ಅತ್ತೆ ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ಕಾಯುತ್ತಿದ್ದಳು.

ನಾನು ಕೂಗಲಿಲ್ಲ. ಹೋಗಿ ಜೋಲಿಸಮೇತ ಪುಟ್ಟಿಯನ್ನು ಎತ್ತಿಕೊಂಡೆ.

"ಕೊಡ್ತಿರಲಿಲ್ಲ ಕಣೋ" ಎಂದಳು ಅಕ್ಕ, ಕನವರಿಸುವಂತೆ. "ಒಂದ್ಸಲ ಆಚೆ ತಳ್ಳಿ, ಮೂಸಿ ನೋಡಿದ್ರೆ ಅವಳದ್ದಲ್ಲ ಅಂತ ಗೊತ್ತಾಗ್ತದೆ. ವಾಪಸ್ ತಳ್ತಾಳೆ. ಅವಳು ಯಾವತ್ತೂ ಮೋಸ ಮಾಡಿಲ್ಲ."

"ಅವಳದ್ದೇ ಅಂತ ಅನ್ಸಿದ್ರೆ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಖಾನೆಯೊಳಗಿನ ಹೊದಿಕೆ ನೋಡಿದಳು, ಅದನ್ನು ಅಲ್ಲಿ ಹಾಸಿದವರು ಬೇರೆ ಯಾರೋ ಎಂಬಂತೆ.

ನನಗೆ ಆಗ ಒಂದೇ ಹೊಳೆದದ್ದು. ಪದ್ಧತಿಯಿದ್ದರೆ ಪದ್ಧತಿಯಂತೆಯೇ ಮುಗಿಸಬೇಕು. ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು, ಚರಂಡಿಯ ಸಲಾಕಿ ಕೈಗೆತ್ತಿಕೊಂಡು ಪ್ರದರ್ಶನ ಕೋಣೆಗೆ ಓಡಿದೆ. ತೊಗಲಜ್ಜ ಗಾಜಿನ ಕಪಾಟುಗಳ ನಡುವೆ ಸ್ಟೂಲು ಹಾಕಿಕೊಂಡು ಒಂದು ನರಿಗೆ ಮೀಸೆ ನೆಡುತ್ತಿದ್ದ.

"ಅತ್ತೆ ಮರಿ ಎಲ್ಲಿ ಅಜ್ಜಾ? ತೆಗಿ."

"ಯಾಕಪ್ಪ ಇಷ್ಟು ಬಿಸಿ?"

"ತೆಗೀತೀಯೋ, ಗಾಜು ಒಡೀಲೋ?"

ಅವನು ಪುಟ್ಟಿಯನ್ನು ನೋಡಿದ, ನನ್ನ ಕೈಯಲ್ಲಿದ್ದ ಚರಂಡಿಯ ಸಲಾಕಿ ನೋಡಿದ. ಎದ್ದು ಹೋಗಿ ಬೀಗ ತೆಗೆದ. ಮರಿ ಒಂದು ಸುಳ್ಳು ಕೊಂಬೆಗೆ ಜೋತುಬಿದ್ದು ನಗುತ್ತಿತ್ತು. ಆ ನಗು ತೊಗಲಜ್ಜನದು. ಅದು ಬದುಕಿದ್ದಾಗ ಒಮ್ಮೆಯೂ ನಕ್ಕಿರಲಿಲ್ಲ.

"ತಾಯಿಗೆ ಕೊಡ್ತೀಯಾ?" ಎಂದ ತೊಗಲಜ್ಜ. "ಅದು ಮರಿಯಲ್ಲ ಕಣಪ್ಪ. ಬರೀ ಅಂಗಿ."

ಬೋನಿಗೆ ಬಂದು, ಪುಟ್ಟಿಯನ್ನು ಅಕ್ಕನ ಕೈಗಿಟ್ಟು, ಗೋಡೆಗೆ ಒರಗಿ ಕೂರಲು ಹೇಳಿದೆ. ಹಳದಿ ಹೊದಿಕೆ ತೆಗೆದೆ. ಖಾನೆಯಲ್ಲಿ ಮರಿಯನ್ನೂ ಅದರ ಪಕ್ಕ ಬೊಡ್ಡೆಯನ್ನೂ ಇಟ್ಟು ತಳ್ಳಿದೆ. ಎರಡನ್ನೂ ನೋಡು, ನಿನಗೆ ಯಾವುದು ಬೇಕೋ ಅದನ್ನು ಇಟ್ಟುಕೋ, ಇವಳನ್ನು ಬಿಡು. ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಹೇಳಿದೆನೋ ತಿಳಿಯದು.

ಅತ್ತೆ ಎರಡನ್ನೂ ಹುಲ್ಲಿನ ಮೇಲೆ ಅಕ್ಕಪಕ್ಕ ಮಲಗಿಸಿದಳು. ಹೋಲಿಕೆಯನ್ನು ನಾವು ಬೋರ್ಡಿನಲ್ಲಿ ಬರೆಸಿದ್ದೆವಷ್ಟೇ, ಅವಳು ಮಾಡಿ ನೋಡಿದಳು. ಇದರ ಕೂದಲು ಬಿಡಿಸಿ ನೋಡಿದಳು, ಅದರ ಕೂದಲು ಬಿಡಿಸಿ ನೋಡಿದಳು. ಇದರ ಬಾಡಿದ ಸುರುಳಿಯನ್ನು ಅದರ ಅಂಗೈಯೊಳಗೆ ಇಟ್ಟಳು. ಮರಿಯ ಬಾಯಿಗೆ ಬಾಯಿಟ್ಟು ನೀರು ಹನಿಸಿದಳು. ನೀರು ಗಲ್ಲದಿಂದ ಇಳಿದುಹೋಯಿತು. ಬೊಡ್ಡೆಗೆ ಹನಿಸಿದಳು, ಬೊಡ್ಡೆ ಹೀರಿಕೊಂಡಿತು.

ಅನಂತರ ಮರಿಯನ್ನು ಬೋರಲು ಮಲಗಿಸಿ, ಬೆನ್ನ ಹೊಲಿಗೆಯನ್ನು ಉಗುರಿನಿಂದ ಮೀಟಿದಳು. ದಾರ ಒಂದೊಂದಾಗಿ ಬಿಟ್ಟಿತು. ಒಳಗಿನಿಂದ ಹೊಂಬಣ್ಣದ ಕೂದಲು ಉಕ್ಕಿಬಂತು. ಜರೀಗಿಡದ್ದು. ಅತ್ತೆ ಒಂದು ಹಿಡಿ ಮೂಸಿದಳು, ಬೊಡ್ಡೆಯ ಮೈ ಮೂಸಿದಳು, ನಮ್ಮನ್ನು ನೋಡಿದಳು. ಮೋಸ ಎಲ್ಲಿಂದ ಎಲ್ಲಿಗೆ ಹೋಗಿತ್ತೆಂದು ಆ ನೋಟಕ್ಕೆ ಪೂರ್ತಿ ಗೊತ್ತಾಗಿತ್ತು. ನಾನು ಕಣ್ಣು ತಗ್ಗಿಸಿದೆ.

"ಏನು ಮಾಡ್ತಿದಾಳೋ?" ಅಕ್ಕ ಪಿಸುಗುಟ್ಟಿದಳು.

ಅತ್ತೆ ಒಳಗಿನ ಕೂದಲನ್ನೆಲ್ಲ ಹಿಡಿಹಿಡಿಯಾಗಿ ತೆಗೆದು ಹಾಕಿದಳು. ತಂತಿ ಎಳೆದಳು. ಬರಿದಾದ ತೊಗಲನ್ನು ತೊಟ್ಟಿಯಲ್ಲಿ ನೆನೆಸಿ, ಹಿಂಡಿ, ಅಂಗೈಯಿಂದ ತಿಕ್ಕಿ ತಿಕ್ಕಿ ಮೆದು ಮಾಡಿದಳು. ಆಮೇಲೆ ಬೊಡ್ಡೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒದೆಯುವ ಮಗುವಿಗೆ ಅಂಗಿ ಹಾಕುವ ತಾಳ್ಮೆಯಲ್ಲಿ, ಒಂದು ತೊಟ್ಟು ಒಂದು ತೋಳಿಗೆ, ಇನ್ನೊಂದು ತೊಟ್ಟು ಇನ್ನೊಂದು ತೋಳಿಗೆ ತೂರಿಸಿ, ತೊಡಿಸಿದಳು. ತಲೆಯನ್ನು ಎಳೆದು ಸರಿ ಮಾಡಿದಳು. ಬೆನ್ನಿನ ಸೀಳನ್ನು ತನ್ನ ಎದೆಗೊತ್ತಿ ಮುಚ್ಚಿ ಅಪ್ಪಿಕೊಂಡಳು.

ಎದ್ದು ಬಂದು ಖಾನೆಯಲ್ಲಿ ಏನೋ ಇಟ್ಟು ನಮ್ಮ ಕಡೆ ತಳ್ಳಿದಳು. ತುಂಬಿದ್ದ ಕೂದಲು, ತಂತಿ, ಅದರ ಮೇಲೆ ಎರಡು ಗಾಜಿನ ಕಣ್ಣು.

ಚಿಲ್ಲರೆ.

ಅಕ್ಕ ಪುಟ್ಟಿಯ ತಲೆಯಲ್ಲಿ ಮುಖವಿಟ್ಟು ಅತ್ತಳು. ನಾನು ಹೊರಗೆ ಹೋಗಿ ಬೋರ್ಡು ಕಿತ್ತೆ. ಸಾಹೇಬರು ಕೇಳಿದರೆ ಗಾಳಿಗೆ ಬಿತ್ತು ಎಂದರಾಯಿತು. ಕಪಾಟು ಖಾಲಿಯಾದದ್ದಕ್ಕೆ ತೊಗಲಜ್ಜ "ಹುಳ ಹಿಡೀತು, ಸುಟ್ಟೆ" ಎಂದ.

ಅತ್ತೆ ಅಂದು ಸಂಜೆಯೇ ಹಣ್ಣು ತಿಂದಳು. ಪುಟ್ಟಿ ಜಾಲರಿಯ ಮುಂದೆಯೇ ಅಂಬೆಗಾಲಿಟ್ಟರೂ ಈಗ ಅತ್ತೆ ತಿರುಗಿಯೂ ನೋಡುವುದಿಲ್ಲ. ಅಕ್ಕ ನಿದ್ದೆ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ, ಎಲ್ಲ ಮೊದಲಿನಂತೆಯೇ ಇದೆ. ನಾನೊಬ್ಬನೇ ಬೋನು ತೊಳೆಯಲು ಹೋದಾಗ ಪೈಪು ಬಿಟ್ಟು ನಿಲ್ಲುತ್ತೇನೆ.

ಹೊಸ ಕುಡಿಗಳು ಬಂದಿವೆ. ಪುಟ್ಟ ತೋಳುಗಳ ಕೊನೆಯಲ್ಲಿ, ತೊಗಲಿನ ಬೆರಳುಗಳ ನಡುವಿನಿಂದ, ಕಂದು ಕೂದಲಿನ ಬಿಗಿ ಮುಷ್ಟಿಗಳು. ನೀರು ಚೆನ್ನಾಗಿ ಸಿಗುತ್ತಿದೆ, ಬಾಡಿಲ್ಲ. ಚಾವಣಿಯ ಗಾಜನ್ನು ನಾನೇ ಹತ್ತಿ ಒರೆಸಿದ್ದೇನೆ, ಬೇಕಾದಷ್ಟು ಬೆಳಕು ಸುರಿಯುತ್ತದೆ. ಮೊದಲ ಸಲ ಕುಡಿ ಆ ಕಡೆಗೇ ಬಿಚ್ಚಿಕೊಂಡಿತ್ತು. ಅದು ಗಿಡದ ಸ್ವಭಾವ.

ಈ ಸಲ ಅವು ಬೆಳಕಿಗೆ ಬೆನ್ನು ಹಾಕಿವೆ. ಒಂದೊಂದಾಗಿ ಅತ್ತೆಯ ಎದೆಯ ಕಡೆಗೆ ತೆರೆದುಕೊಂಡು, ಅವಳ ಕೂದಲನ್ನು ಹಿಡಿದುಕೊಳ್ಳುತ್ತಿವೆ.